ಆಪತ್ಕಾಲದ ತರಬೇತಿಯಲ್ಲಿ ಗಣಕಪಾತ್ರಗಳ ಭಾವಲೋಕ

(ಕ್ಯಾನರಿ ವಾರ್ಫಿನಲ್ಲಿ ಜರುಗಿದ ನಮ್ಮ ಬಳಗದ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲೇಖನರೂಪ)



ನಾವಿಂದು ಸೇರಿರುವ ಈ ಸ್ಥಳದ ಚರಿತ್ರೆಯನ್ನು ಸಂಕ್ಷೇಪವಾಗಿ ನೆನೆದು ವಿಷಯಕ್ಕೆ ಬರುತ್ತೇನೆ. ಇಲ್ಲಿ ವೆಸ್ಟ್ ಇಂಡಿಯಾ ಹಡಗುಕಟ್ಟೆಗಳು ತೆರೆದದ್ದು 1802ರಲ್ಲಿ; ಮುಚ್ಚಿದ್ದು 1980ರಲ್ಲಿ. ಆ ಬಳಿಕ ಅದೇ ನೀರಿನ ಅಂಚಿನಲ್ಲಿ ಗಗನಚುಂಬಿ ಕಟ್ಟಡಗಳು ಎದ್ದವು. ನಮ್ಮಲ್ಲಿ ಅನೇಕರಿಗೆ ಅನ್ನ ಕೊಡುವ ಬ್ಯಾಂಕುಗಳೂ ಕಚೇರಿಗಳೂ ಬಂದವು. 1996ರ ಫೆಬ್ರವರಿ 9ರ ಸಂಜೆ ಏಳು ಗಂಟೆಯ ಸುಮಾರಿಗೆ, ಇಲ್ಲಿಂದ ಕೂಗಳತೆಯಲ್ಲಿರುವ ಸೌತ್ ಕೀ ನಿಲ್ದಾಣದ ಬಳಿ, ಐರಿಷ್ ರಿಪಬ್ಲಿಕನ್ ಸೇನೆಯವರು ಲಾರಿಯಲ್ಲಿ ಇರಿಸಿದ್ದ ಬಾಂಬು ಸ್ಫೋಟಿಸಿತು. ಮುನ್ನೆಚ್ಚರಿಕೆಯ ಕರೆಗಳು ಬಂದಿದ್ದವು. ಪೊಲೀಸರು ಜನರನ್ನು ತೆರವು ಮಾಡಿಸುತ್ತಲೂ ಇದ್ದರು. ಆದರೂ ಇಬ್ಬರು ಪ್ರಾಣ ಕಳೆದುಕೊಂಡರು. ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು.

ಇಂಥ ಸಂಜೆಯಲ್ಲಿ ನಿರ್ಧಾರ ತೆಗೆದುಕೊಳ್ಳಬೇಕಾದ ಅಧಿಕಾರಿಯ ಮೇಜಿನ ಮೇಲೆ ಯೋಜನೆಯ ಕಡತ ಇದ್ದೇ ಇರುತ್ತದೆ. ಯಾವ ರಸ್ತೆ ಮುಚ್ಚಬೇಕು, ಯಾವ ಆಸ್ಪತ್ರೆಗೆ ಸುದ್ದಿ ಮುಟ್ಟಿಸಬೇಕು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಆದರೆ ಕಡತ ಅಳುವುದಿಲ್ಲ, ಬೈಯುವುದಿಲ್ಲ, ಹೇಳಿದ ಮಾತನ್ನು ಕೇಳದೆ ನಿಂತಲ್ಲೇ ನಿಲ್ಲುವುದಿಲ್ಲ. ಮನುಷ್ಯರು ಇವೆಲ್ಲವನ್ನೂ ಮಾಡುತ್ತಾರೆ. ಆದ್ದರಿಂದ ಆಪತ್ತಿನ ಅಭ್ಯಾಸದಲ್ಲಿ ಮನುಷ್ಯರ ಭಾವಗಳಿಗೆ ಸ್ಥಾನ ಬೇಕು. ಆ ಸ್ಥಾನವನ್ನು ಕಂಪ್ಯೂಟರಿನೊಳಗಿನ ಕಲ್ಪಿತ ಪಾತ್ರಗಳ ಮೂಲಕ ಒದಗಿಸಲು ಕಳೆದ ಮೂರು ದಶಕಗಳಿಂದ ನಡೆದಿರುವ ಪ್ರಯತ್ನವೇ ಇಂದಿನ ವಿಷಯ. ಇಂಥ ಪಾತ್ರವನ್ನು ಅನುಕೂಲಕ್ಕಾಗಿ ‘ಗಣಕಪಾತ್ರ’ ಎಂದು ಕರೆಯೋಣ. ಈ ವಿಷಯ ವಿಜ್ಞಾನಿಗಳಿಗಷ್ಟೇ ಸಂಬಂಧಿಸಿದ್ದಲ್ಲ. ಊರಿನಿಂದ ಬಂದು ಆರು ತಿಂಗಳು ನಮ್ಮ ಮನೆಗಳಲ್ಲಿ ತಂಗುವ ತಂದೆತಾಯಿಗಳಿಗೂ ಸಂಬಂಧಿಸಿದ್ದು. ಅದು ಹೇಗೆಂಬುದನ್ನು ಮುಂದೆ ಹೇಳುತ್ತೇನೆ.

ಅಭ್ಯಾಸದ ಮೂರು ಬಗೆಗಳು

ಆಪತ್ತಿನ ಅಭ್ಯಾಸವನ್ನು ಮೂರು ರೀತಿಯಲ್ಲಿ ಮಾಡಬಹುದು. ಮೊದಲನೆಯದು ನಿಜವಾದ ಜನರೊಡನೆ ನಡೆಸುವ ಅಣಕು ಕಾರ್ಯಾಚರಣೆ. 2003ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಬ್ಯಾಂಕ್ ಭೂಗತ ನಿಲ್ದಾಣದಲ್ಲಿ ರಾಸಾಯನಿಕ ದಾಳಿಯ ಅಣಕು ನಡೆಯಿತು. 2016ರಲ್ಲಿ ಡಾರ್ಟ್‌ಫರ್ಡಿನ ಹಳೆಯ ವಿದ್ಯುತ್ ಸ್ಥಾವರವೊಂದರಲ್ಲಿ, ವಾಟರ್ಲೂ ನಿಲ್ದಾಣದ ಮೇಲೆ ಕಟ್ಟಡ ಕುಸಿದಿದೆಯೆಂದು ಭಾವಿಸಿ, ನಾಲ್ಕು ದಿನಗಳ ಬೃಹತ್ ಅಭ್ಯಾಸ ಜರುಗಿತು. ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಗಾಯಾಳುಗಳಾಗಿ ನಟಿಸಿದರು. ಇಲ್ಲಿ ಭಾವಕ್ಕೆ ಕೊರತೆಯಿಲ್ಲ. ಆದರೆ ವೆಚ್ಚ ಅಪಾರ. ಒಬ್ಬ ಅಧಿಕಾರಿ ಎಡವಿದನೆಂದು ಅದೇ ಘಳಿಗೆಯನ್ನು ಮತ್ತೆ ಹತ್ತು ಬಾರಿ ನಡೆಸಿ ನೋಡಲಾಗದು.

ಎರಡನೆಯದು ಮೇಜಿನ ಸುತ್ತ ಕುಳಿತು ಕಾಗದದ ಮೇಲೆ ನಡೆಸುವ ಅಭ್ಯಾಸ. ಇದಕ್ಕೂ ಕ್ಯಾನರಿ ವಾರ್ಫಿಗೂ ನಂಟಿದೆ. 2006ರ ಶರತ್ಕಾಲದಲ್ಲಿ ಬ್ರಿಟನ್ನಿನ ಖಜಾನೆ, ಬ್ಯಾಂಕ್ ಆಫ್ ಇಂಗ್ಲೆಂಡ್ ಹಾಗೂ ಆಗ ಇಲ್ಲಿಯೇ ನಾರ್ತ್ ಕೊಲೊನೇಡಿನಲ್ಲಿ ಕಚೇರಿ ಹೊಂದಿದ್ದ ಹಣಕಾಸು ಸೇವೆಗಳ ಪ್ರಾಧಿಕಾರ, ಈ ಮೂರೂ ಸೇರಿ ಸಾಂಕ್ರಾಮಿಕ ಜ್ವರ ಹರಡಿದರೆ ಬ್ಯಾಂಕುಗಳ ಗತಿಯೇನು ಎಂಬುದನ್ನು ಆರು ವಾರಗಳ ಕಾಲ ಪರೀಕ್ಷಿಸಿದವು. ಸುಮಾರು 70 ಸಂಸ್ಥೆಗಳು ಪಾಲ್ಗೊಂಡವು. 2020ರಲ್ಲಿ ಕೋವಿಡ್ ಬಂದಾಗ ಆ ಪ್ರಶ್ನೆ ಎಷ್ಟು ಸಕಾಲಿಕವಾಗಿತ್ತೆಂಬುದು ಎಲ್ಲರಿಗೂ ತಿಳಿಯಿತು. ಆದರೆ ಇಂಥ ಅಭ್ಯಾಸದಲ್ಲಿ ಗೈರುಹಾಜರಾದ ನೌಕರ ಒಂದು ಅಂಕಿಯಾಗಿ ಉಳಿಯುತ್ತಾನೆ. ತಾಯಿ ಆಸ್ಪತ್ರೆಯಲ್ಲಿರುವ ಕಾರಣ ಕೆಲಸಕ್ಕೆ ಬರಲಾರೆನೆಂದು ಕಣ್ಣೀರಿಡುವ ಸಹೋದ್ಯೋಗಿ ಅಲ್ಲಿ ಕಾಣುವುದಿಲ್ಲ.

ಇವೆರಡರ ನಡುವೆ ನಿಲ್ಲುವುದು ಮೂರನೆಯ ಬಗೆ. ಅಂದರೆ ಗಣಕಪಾತ್ರಗಳೊಡನೆ ನಡೆಸುವ ಅಭ್ಯಾಸ. ಇದರ ಒಂದು ಮುಖ್ಯ ಪ್ರಯತ್ನ ನಡೆದದ್ದು ಥೇಮ್ಸ್ ನದಿಯ ಆಚೆ ದಡದ ಗ್ರೀನಿಚ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ. ಇಲ್ಲಿಂದ ಡಾಕ್‌ಲ್ಯಾಂಡ್ಸ್ ರೈಲು ಹತ್ತಿದರೆ ಕೆಲವೇ ನಿಮಿಷಗಳ ದಾರಿ. ಐರೋಪ್ಯ ಒಕ್ಕೂಟದ ಧನಸಹಾಯದಿಂದ 2010ರಿಂದ 2012ರವರೆಗೆ ಅಲ್ಲಿ ‘ಪಂಡೋರಾ’ ಎಂಬ ಯೋಜನೆ ನಡೆಯಿತು. ರೋಮಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯ ವಿಜ್ಞಾನಿಗಳೂ, ಯಾರ್ಕ್ ಬಳಿಯ ಈಸಿಂಗ್‌ವೋಲ್ಡಿನಲ್ಲಿದ್ದ ಬ್ರಿಟಿಷ್ ಸರಕಾರದ ತುರ್ತು ಯೋಜನಾ ಕಾಲೇಜೂ ಕೈಜೋಡಿಸಿದ್ದವು.

ಈ ದೇಶದಲ್ಲಿ ಆಪತ್ತಿನ ಆಡಳಿತವನ್ನು ಚಿನ್ನ, ಬೆಳ್ಳಿ, ಕಂಚು ಎಂದು ಮೂರು ಸ್ತರಗಳಾಗಿ ವಿಂಗಡಿಸುತ್ತಾರೆ. ಸ್ಥಳದಲ್ಲಿ ದುಡಿಯುವವರು ಕಂಚಿನವರು. ಅವರನ್ನು ನಡೆಸುವವರು ಬೆಳ್ಳಿಯವರು. ಒಟ್ಟು ನೀತಿಯನ್ನು ನಿರ್ಧರಿಸುವವರು ಚಿನ್ನದವರು. ಚಿನ್ನದ ಸ್ತರದ ಅಧಿಕಾರಿಗಳಿಗೆ ಒತ್ತಡದ ನಡುವೆ ನಿರ್ಧರಿಸುವುದನ್ನು ಕಲಿಸುವುದು ಪಂಡೋರಾದ ಗುರಿಯಾಗಿತ್ತು. ಸಿದ್ಧಪಡಿಸಿದ ಘಟನಾವಳಿ ಕಾಲಕ್ರಮದಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಅಭ್ಯಾಸಿಗಳು ಎಷ್ಟು ಒತ್ತಡದಲ್ಲಿದ್ದಾರೆಂಬುದನ್ನು ಅವರದೇ ಹೇಳಿಕೆಗಳಿಂದಲೂ ಹೃದಯದ ಬಡಿತದಂಥ ದೇಹಸೂಚನೆಗಳಿಂದಲೂ ಅಳೆದು, ಅದಕ್ಕೆ ತಕ್ಕಂತೆ ಘಟನೆಗಳ ಬಿರುಸನ್ನು ಹೆಚ್ಚುಕಡಿಮೆ ಮಾಡುವುದು ವಿನ್ಯಾಸದ ತಿರುಳು. ಕೊನೆಯ ಮಾತು ಮಾತ್ರ ಸದಾ ತರಬೇತುದಾರನದೇ.

ಇದನ್ನು ನಮ್ಮ ತಾಳಮದ್ದಲೆಗೆ ಹೋಲಿಸಿದರೆ ಸುಲಭವಾಗಿ ಅರ್ಥವಾದೀತು. ತಾಳಮದ್ದಲೆಯಲ್ಲಿ ಪ್ರಸಂಗದ ಪದ್ಯಗಳು ಮೊದಲೇ ಗೊತ್ತಾಗಿರುತ್ತವೆ. ಅರ್ಥಧಾರಿಗಳ ಮಾತು ಮಾತ್ರ ಆ ಕ್ಷಣದಲ್ಲಿ ಹುಟ್ಟತಕ್ಕದ್ದು. ಕೌರವ ಹೇಗೆ ಕೆಣಕಿದನೆಂಬುದನ್ನು ಅನುಸರಿಸಿ ಕೃಷ್ಣನ ಮಾತಿನ ಕಾವು ಏರುತ್ತದೆ, ಇಳಿಯುತ್ತದೆ. ಆದರೆ ಕೃಷ್ಣ ಕೃಷ್ಣನಾಗಿಯೇ ಉಳಿಯಬೇಕು; ಸಂಧಾನ ಮುರಿಯಲೇಬೇಕು. ಭಾಗವತರು ಪದ್ಯ ಎತ್ತುವ ಹೊತ್ತನ್ನು ಅರಿತು ಒಟ್ಟು ಓಟವನ್ನು ಹಿಡಿತದಲ್ಲಿಡುತ್ತಾರೆ. ಆಪತ್ತಿನ ಅಭ್ಯಾಸದಲ್ಲಿ ಘಟನಾವಳಿಯೇ ಪ್ರಸಂಗ, ಗಣಕಪಾತ್ರವೇ ಅರ್ಥಧಾರಿ, ತರಬೇತುದಾರನೇ ಭಾಗವತ.

ಯಂತ್ರಕ್ಕೆ ಭಾವ ಬರುವುದು ಹೇಗೆ?

ಯಂತ್ರಕ್ಕೆ ನೋವಿಲ್ಲ, ನಲಿವಿಲ್ಲ. ಹಾಗಿದ್ದ ಮೇಲೆ ಭಾವವನ್ನು ನಿರೂಪಿಸುವುದೆಂದರೇನು? ಮುಖದ ಮೇಲೆ ಕಣ್ಣೀರು ಬರೆಯುವುದು ಸುಲಭದ ಕೆಲಸ. ಕಣ್ಣೀರು ಏಕೆ ಬಂತು, ಏನು ಮಾಡಿದರೆ ನಿಲ್ಲುತ್ತದೆ ಎಂಬುದನ್ನು ಲೆಕ್ಕಕ್ಕೆ ಇಳಿಸುವುದೇ ಕಠಿಣ.

ಇದಕ್ಕೆ ಆಧಾರವಾದದ್ದು ಮನಃಶಾಸ್ತ್ರದ ಒಂದು ಸಿದ್ಧಾಂತ. ಭಾವವು ಘಟನೆಯಿಂದ ನೇರವಾಗಿ ಹುಟ್ಟುವುದಿಲ್ಲ. ಆ ಘಟನೆ ನನ್ನ ಇಷ್ಟಾರ್ಥಗಳಿಗೆ ಒಳಿತೋ ಕೆಡುಕೋ ಎಂದು ಮನಸ್ಸು ಮಾಡುವ ನಿಷ್ಕರ್ಷೆಯಿಂದ ಹುಟ್ಟುತ್ತದೆ ಎಂಬುದು ಅದರ ಸಾರ. 1960ರಲ್ಲಿ ಮ್ಯಾಗ್ಡಾ ಆರ್ನಾಲ್ಡ್, ಆಮೇಲೆ ರಿಚರ್ಡ್ ಲಾಜರಸ್ ಇದನ್ನು ಬೆಳೆಸಿದರು. 1988ರಲ್ಲಿ ಆರ್ಟೊನಿ, ಕ್ಲೋರ್, ಕಾಲಿನ್ಸ್ ಎಂಬ ಮೂವರು 22 ಬಗೆಯ ಭಾವಗಳನ್ನು ವರ್ಗೀಕರಿಸಿದರು. ಘಟನೆಯ ಪರಿಣಾಮ, ಮನುಷ್ಯರ ನಡತೆ, ವಸ್ತುಗಳ ಬಗೆಗಿನ ಒಲವು, ಈ ಮೂರರಿಂದಲೇ ಅವರು ಭಯ, ಭರವಸೆ, ಕೃತಜ್ಞತೆ, ಕೋಪ ಇತ್ಯಾದಿಗಳನ್ನು ನಿಯಮಬದ್ಧವಾಗಿ ಬಿಡಿಸಿದ್ದರಿಂದ ಗಣಕವಿಜ್ಞಾನಿಗಳು ಆ ವರ್ಗೀಕರಣವನ್ನು ಆದರದಿಂದ ಸ್ವೀಕರಿಸಿದರು.

ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ. ಅರಸೀಕೆರೆಯಿಂದ ಮಗನ ಮನೆಗೆ ಬಂದಿರುವ ಅರುವತ್ತೆಂಟು ವರ್ಷದ ಗೌರಮ್ಮ ಎಂಬ ಗಣಕಪಾತ್ರವಿದೆ ಎಂದಿಟ್ಟುಕೊಳ್ಳಿ. ಮನೆ ಸೌತ್ ಕೀ ಬಳಿಯ ಎತ್ತರದ ಕಟ್ಟಡದಲ್ಲಿ. ಮಗ ಸೊಸೆ ಕೆಲಸಕ್ಕೆ ಹೋಗಿದ್ದಾರೆ, ಮೊಮ್ಮಗ ಶಾಲೆಯಲ್ಲಿದ್ದಾನೆ. ಪಕ್ಕದ ಕಟ್ಟಡಕ್ಕೆ ಬೆಂಕಿ ಬಿದ್ದು, ಎಲ್ಲರನ್ನೂ ಹೊರಗೆ ಕಳುಹಿಸುತ್ತಿದ್ದಾರೆ. ಅಭ್ಯಾಸಿ ಅಧಿಕಾರಿ ಪರದೆಯ ಮೇಲೆ ಆಕೆಯನ್ನು ಕಂಡು, ಕೆಳಗಿಳಿಯಿರಿ ಎನ್ನುತ್ತಾನೆ. ಆಕೆ ಕದಲುವುದಿಲ್ಲ. ಮಗು ಎಲ್ಲಿ ಎಂದು ಮೂರು ಸಲ ಕೇಳುತ್ತಾಳೆ.

ಪಾತ್ರದೊಳಗಿನ ಲೆಕ್ಕವನ್ನು ಬಹಳ ಸರಳಗೊಳಿಸಿ ಹೀಗೆ ಹೇಳಬಹುದು. ಗೌರಮ್ಮನ ಪರಮ ಇಷ್ಟಾರ್ಥ ಮೊಮ್ಮಗನ ಕ್ಷೇಮ. ಅದಕ್ಕೆ ಧಕ್ಕೆ ಬಂದರೆ ಆಗುವ ಅನಿಷ್ಟಕ್ಕೆ 1 ಎಂಬ ಪೂರ್ಣಾಂಕ ಕೊಡೋಣ. ಧಕ್ಕೆ ಬರುವ ಸಂಭವ 0.7 ಎಂದು ಆಕೆ ಎಣಿಸಿದ್ದಾಳೆ. ಅನಿಷ್ಟವನ್ನು ಸಂಭವದಿಂದ ಗುಣಿಸಿದರೆ ಭಯದ ಪ್ರಮಾಣ 0.7. ಅಧಿಕಾರಿ, ‘ಗಾಬರಿಯಾಗಬೇಡಿ, ಮೊದಲು ಇಳಿಯಿರಿ’ ಎಂದಷ್ಟೇ ಹೇಳಿದರೆ ಸಂಭವ ಬದಲಾಗುವುದಿಲ್ಲ, ಭಯವೂ ಇಳಿಯುವುದಿಲ್ಲ. ಮೇಲಾಗಿ, ಕೇಳಿದ ಪ್ರಶ್ನೆಗೆ ಉತ್ತರ ಕೊಡಲಿಲ್ಲವೆಂಬ ಅಸಮಾಧಾನ ಕೋಪವಾಗಿ ಸೇರಿಕೊಳ್ಳುತ್ತದೆ. ‘ಶಾಲೆ ನೀರಿನಾಚೆಗಿದೆ, ಅಲ್ಲಿಗೆ ಹೊಗೆ ತಲುಪಿಲ್ಲ, ಮಕ್ಕಳ ಜೊತೆ ಶಿಕ್ಷಕಿ ಇದ್ದಾರೆ’ ಎಂದು ಹೇಳಿದರೆ ಸಂಭವ 0.2ಕ್ಕೆ ಇಳಿಯುತ್ತದೆ, ಭಯವೂ 0.2 ಆಗುತ್ತದೆ, ಆಕೆ ಮೆಟ್ಟಿಲತ್ತ ಹೆಜ್ಜೆ ಹಾಕುತ್ತಾಳೆ. ಅಧಿಕಾರಿ ಸುಳ್ಳು ಹೇಳಿ, ಆ ಸುಳ್ಳು ಕೆಳಗಿನ ಮಹಡಿಯಲ್ಲಿ ಬಯಲಾದರೆ, ಆಮೇಲಿನ ನಿಜವನ್ನೂ ಆಕೆ ನಂಬುವುದಿಲ್ಲ. ಅಭ್ಯಾಸಿ ಕಲಿಯಬೇಕಾದ ಪಾಠ ಇದೇ: ಸಾಂತ್ವನದ ಮಾತಿಗಿಂತ, ಆಕೆಗೆ ಬೇಕಾದ ಸತ್ಯವಾದ ಒಂದು ಸುದ್ದಿ ಹೆಚ್ಚು ಸಾಂತ್ವನ ನೀಡುತ್ತದೆ.

ಇದು ಬರಿಯ ಕಲ್ಪನೆಯಲ್ಲ. ಅಮೆರಿಕಾದ ಸೇನೆಯ ನೆರವಿನಿಂದ 1999ರಲ್ಲಿ ಲಾಸ್ ಏಂಜಲಿಸ್ಸಿನಲ್ಲಿ ಆರಂಭವಾದ ಸಂಸ್ಥೆಯೊಂದರಲ್ಲಿ ಜೊನಾಥನ್ ಗ್ರಾಚ್ ಮತ್ತು ಸ್ಟೇಸಿ ಮಾರ್ಸೆಲ್ಲಾ ಎಂಬ ಸಂಶೋಧಕರು ಇಂಥ ಪಾತ್ರಗಳನ್ನು ರೂಪಿಸಿದರು. ಅವರ ಪ್ರಸಿದ್ಧ ದೃಶ್ಯ ಬೋಸ್ನಿಯಾದ ಒಂದು ಊರಿನದು. ಸೇನಾವಾಹನ ನಾಗರಿಕರ ಕಾರಿಗೆ ಡಿಕ್ಕಿ ಹೊಡೆದು ಬಾಲಕನೊಬ್ಬ ತೀವ್ರವಾಗಿ ಗಾಯಗೊಂಡಿದ್ದಾನೆ, ಪಕ್ಕದಲ್ಲಿ ತಾಯಿ. ತಂಡವನ್ನು ಬೇರೊಂದು ಕಡೆ ತುರ್ತಾಗಿ ಕರೆಯುತ್ತಿದ್ದಾರೆ. ಯುವ ಲೆಫ್ಟಿನೆಂಟ್ ಸೈನಿಕರನ್ನು ಅಲ್ಲಿಂದ ಹೊರಡಿಸಿದರೆ, ತಾಯಿಯ ದುಃಖ ಕ್ರೋಧಕ್ಕೆ ತಿರುಗುತ್ತದೆ. ಭಾವ ಹುಟ್ಟಿದ ಮೇಲೆ ಮನುಷ್ಯ ಅದನ್ನು ನಿಭಾಯಿಸುವ ಪರಿಯನ್ನೂ ಇವರು ಲೆಕ್ಕಕ್ಕೆ ತಂದರು: ಕೆಲವರು ಕಾರ್ಯಕ್ಕಿಳಿಯುತ್ತಾರೆ, ಕೆಲವರು ನಡೆದದ್ದನ್ನೇ ನಂಬಲು ಒಪ್ಪುವುದಿಲ್ಲ, ಕೆಲವರು ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುತ್ತಾರೆ.

ಭರತಮುನಿಯ ನಾಟ್ಯಶಾಸ್ತ್ರವನ್ನು ಬಲ್ಲವರಿಗೆ ಇದು ತೀರ ಅಪರಿಚಿತವೆನಿಸದು. ಕಾರಣವಾದ ವಿಭಾವ, ಹೊರಗೆ ಕಾಣುವ ಅನುಭಾವ, ಬಂದುಹೋಗುವ ವ್ಯಭಿಚಾರಿಭಾವ, ಇವುಗಳ ಹಿಂದೆ ಬಹುಕಾಲ ನಿಲ್ಲುವ ಸ್ಥಾಯಿಭಾವ ಎಂಬ ವಿಂಗಡಣೆ ನಮ್ಮಲ್ಲಿ ಪ್ರಾಚೀನವಾದದ್ದು. ವಿಭಾವವಿಲ್ಲದ ಅನುಭಾವ ನಟನೆಯಲ್ಲಿ ಹೇಗೆ ಪೊಳ್ಳಾಗುತ್ತದೆಯೋ, ಕಾರಣವಿಲ್ಲದ ಕಣ್ಣೀರು ಗಣಕಪಾತ್ರದಲ್ಲೂ ಹಾಗೆಯೇ ಪೊಳ್ಳು. ಆದರೆ ಒಂದು ಭೇದವನ್ನು ಮರೆಯಬಾರದು. ರಸದ ಗುರಿ ಸಹೃದಯನ ಆಸ್ವಾದ. ಇಲ್ಲಿನ ಗುರಿ ಅಭ್ಯಾಸಿಯ ವಿವೇಕ.

ಇತ್ತೀಚಿನ ಬೆಳವಣಿಗೆಯ ಬಗ್ಗೆಯೂ ಒಂದು ಮಾತು. 2022ರ ಅಂತ್ಯದಿಂದೀಚೆಗೆ ಜನಬಳಕೆಗೆ ಬಂದಿರುವ ದೊಡ್ಡ ಭಾಷಾಮಾದರಿಗಳಿಂದಾಗಿ ಗಣಕಪಾತ್ರಗಳು ನಿರರ್ಗಳವಾಗಿ ಮಾತನಾಡಬಲ್ಲವು. ಆದರೆ ನಿರರ್ಗಳತೆಯೇ ಭಾವವಲ್ಲ. ಹತ್ತು ನಿಮಿಷದ ಹಿಂದೆ ಅವಮಾನಿತಳಾದ ಗೌರಮ್ಮ ಈಗ ನಗುನಗುತ್ತ ಉತ್ತರಿಸಿದರೆ, ಅಭ್ಯಾಸಿಗೆ ತನ್ನ ಒರಟುತನಕ್ಕೆ ಬೆಲೆ ತೆರಬೇಕಾಗಿಲ್ಲವೆಂಬ ಪಾಠ ದೊರೆಯುತ್ತದೆ. ಭಾವದ ಲೆಕ್ಕವನ್ನು ಹಳೆಯ ರೀತಿಯಲ್ಲಿ ಇಟ್ಟು, ಮಾತನ್ನು ಮಾತ್ರ ಹೊಸ ಯಂತ್ರದಿಂದ ಆಡಿಸುವುದು ವಿವೇಕದ ಮಾರ್ಗವೆಂದು ನನ್ನ ಅಭಿಪ್ರಾಯ.

ಎರಡು ತಪ್ಪು ಕಲ್ಪನೆಗಳು

ಪಾತ್ರದ ಲೆಕ್ಕ ಎಷ್ಟೇ ಸೂಕ್ಷ್ಮವಾಗಿರಲಿ, ಮನುಷ್ಯರ ಬಗೆಗಿನ ನಂಬಿಕೆ ತಪ್ಪಾಗಿದ್ದರೆ ತರಬೇತಿಯೂ ತಪ್ಪಾಗುತ್ತದೆ. ಇಂಥ ಎರಡು ನಂಬಿಕೆಗಳು ಮುಖ್ಯವಾದವು.

ಮೊದಲನೆಯದು, ಆಪತ್ತಿನಲ್ಲಿ ಜನ ದಿಕ್ಕೆಟ್ಟು, ಒಬ್ಬರನ್ನೊಬ್ಬರು ತುಳಿದು ಓಡುತ್ತಾರೆ ಎಂಬುದು. ಚಲನಚಿತ್ರಗಳು ಇದನ್ನು ನಮ್ಮ ತಲೆಯಲ್ಲಿ ಬಿತ್ತಿವೆ. 2005ರ ಜುಲೈ 7ರಂದು ಲಂಡನ್ನಿನ ರೈಲುಗಳಲ್ಲೂ ಬಸ್ಸಿನಲ್ಲೂ ಬಾಂಬುಗಳು ಸಿಡಿದು 52 ಮಂದಿ ಮಡಿದರು. ಅಂದು ಬದುಕುಳಿದವರ ಅನುಭವಗಳನ್ನು ಸಸೆಕ್ಸ್ ವಿಶ್ವವಿದ್ಯಾಲಯದ ಜಾನ್ ಡ್ರೂರಿ ಮತ್ತು ಸಂಗಡಿಗರು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದರು. ಕತ್ತಲ ಸುರಂಗದಲ್ಲಿ ಅಪರಿಚಿತರು ಪರಸ್ಪರ ಕೈಹಿಡಿದರು, ನೀರು ಹಂಚಿಕೊಂಡರು, ಧೈರ್ಯ ಹೇಳಿದರು. ಸ್ವಾರ್ಥದ ನಡವಳಿಕೆ ವಿರಳವಾಗಿತ್ತು. ಜನರನ್ನು ಹುಚ್ಚು ಗುಂಪೆಂದು ತೋರಿಸುವ ಅಭ್ಯಾಸದಲ್ಲಿ ಪಳಗಿದ ಅಧಿಕಾರಿ, ನಿಜ ಸಂದರ್ಭದಲ್ಲಿ ಅವರಿಂದ ಸುದ್ದಿಯನ್ನು ಮುಚ್ಚಿಡುತ್ತಾನೆ. ಗೌರಮ್ಮನ ಲೆಕ್ಕ ತಿಳಿದ ನಮಗೆ, ಸುದ್ದಿ ಮುಚ್ಚಿಟ್ಟರೆ ಭಯ ಹೆಚ್ಚುವುದೆಂಬುದು ಸ್ಪಷ್ಟ. ಇನ್ನು ಕೆಲವರು ಓಡುವುದೂ ಇಲ್ಲ, ಕೂಗುವುದೂ ಇಲ್ಲ, ಕಲ್ಲಿನಂತೆ ನಿಂತುಬಿಡುತ್ತಾರೆ. ಜಾನ್ ಲೀಚ್ ಎಂಬ ಮನಃಶಾಸ್ತ್ರಜ್ಞರು 2004ರಲ್ಲಿ ಇದನ್ನೇ ಕುರಿತು ಬರೆದರು. ಭರತನು ಎಣಿಸಿದ ಎಂಟು ಸಾತ್ವಿಕಭಾವಗಳಲ್ಲಿ ‘ಸ್ತಂಭ’ವೂ ಒಂದೆಂಬುದು ಇಲ್ಲಿ ನೆನಪಾಗುತ್ತದೆ.

ಎರಡನೆಯ ನಂಬಿಕೆ, ಎಲ್ಲ ಜನರೂ ಭಾವವನ್ನು ಒಂದೇ ಬಗೆಯಲ್ಲಿ ತೋರುತ್ತಾರೆ ಎಂಬುದು. ನಮಗೆ ನೇರವಾಗಿ ತಾಗುವುದು ಇದು. ಮುಖಭಾವಗಳು ಜಗತ್ತಿನ ಎಲ್ಲ ಕಡೆ ಒಂದೇ ಎಂಬ ವಾದ ಬಹುಕಾಲ ಪ್ರಬಲವಾಗಿತ್ತು. 2002ರಲ್ಲಿ ಹಿಲರಿ ಎಲ್ಫೆನ್‌ಬೈನ್ ಹಾಗೂ ಭಾರತೀಯ ಮೂಲದ ನಳಿನಿ ಅಂಬಾಡಿ ಅವರು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಎರಡು ಸಂಗತಿಗಳು ತಿಳಿದವು. ಮನುಷ್ಯರು ತಮ್ಮದೇ ಸಂಸ್ಕೃತಿಯವರ ಭಾವವನ್ನು ಇತರರ ಭಾವಕ್ಕಿಂತ ಸರಿಯಾಗಿ ಗುರುತಿಸುತ್ತಾರೆ ಎಂಬುದು ಒಂದು. ಪರಸ್ಪರ ಬಳಕೆ ಹೆಚ್ಚಿದ್ದಲ್ಲಿ ಈ ಅಂತರ ಕಡಿಮೆಯಾಗಿರುತ್ತದೆ ಎಂಬುದು ಇನ್ನೊಂದು. 2019ರಲ್ಲಿ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತಿತರರು ನಡೆಸಿದ ವಿಸ್ತೃತ ವಿಮರ್ಶೆಯೂ, ಮುಖ ನೋಡಿದ ಮಾತ್ರಕ್ಕೆ ಮನಸ್ಸನ್ನು ಖಚಿತವಾಗಿ ಓದಲಾಗದೆಂದು ತೀರ್ಮಾನಿಸಿತು.

ನಮ್ಮ ಹಿರಿಯರನ್ನು ನೆನೆಯಿರಿ. ಸಮವಸ್ತ್ರದವರ ಎದುರು ತಲೆತಗ್ಗಿಸಿ ನಿಲ್ಲುತ್ತಾರೆ; ಇಲ್ಲಿಯವರಿಗೆ ಅದು ಏನನ್ನೋ ಮರೆಮಾಚುವಂತೆ ಕಾಣಬಹುದು. ನೋವಿದ್ದರೂ ಪರವಾಗಿಲ್ಲ ಎನ್ನುತ್ತಾರೆ. ಆಗ ಚಿಕಿತ್ಸೆಯ ಸರದಿಯಲ್ಲಿ ಹಿಂದೆ ಬೀಳಬಹುದು. ಒಪ್ಪಿಗೆಗೆಂದು ತಲೆಯನ್ನು ಅತ್ತಿತ್ತ ಆಡಿಸುತ್ತಾರೆ, ಅದು ನಿರಾಕರಣೆಯೆನಿಸಬಹುದು. ಸೆರಗನ್ನು ಬಾಯಿಗೊತ್ತಿಕೊಂಡು ಸದ್ದಿಲ್ಲದೆ ಅಳುವ ತಾಯಿ ಶಾಂತಳಾಗಿದ್ದಾಳೆಂದು ತೋರಬಹುದು; ಎದೆ ಬಡಿದುಕೊಂಡು ಗೋಳಿಡುವ ಇನ್ನೊಬ್ಬಾಕೆ ಬುದ್ಧಿ ಕೆಟ್ಟವಳೆಂದು ತೋರಬಹುದು. ಇಬ್ಬರ ಶೋಕವೂ ಒಂದೇ. ಇವರನ್ನು ಕಂಡರಿಯದ ಅಧಿಕಾರಿಯ ತಪ್ಪು ತಿಳಿವಳಿಕೆಗೆ ದುರುದ್ದೇಶ ಕಾರಣವಾಗಬೇಕಾಗಿಲ್ಲ, ಅಪರಿಚಯ ಸಾಕು. ಅಪರಿಚಯವನ್ನು ನೀಗಿಸುವ ಸಾಧನವೇ ತರಬೇತಿ. ಬಳಕೆಯಿಂದ ಅಂತರ ತಗ್ಗುವುದು ನಿಜವಾದರೆ, ಗಣಕಪಾತ್ರಗಳ ಸಾಲಿನಲ್ಲಿ ಒಬ್ಬ ಗೌರಮ್ಮ, ಒಬ್ಬ ಸೋಮಾಲಿ ಅಜ್ಜ, ಒಬ್ಬ ಸಿಲ್ಹೆಟಿನ ತಾಯಿ ಇರಲೇಬೇಕು. ಬಂಗಾಳಿ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಟವರ್ ಹ್ಯಾಮ್ಲೆಟ್ಸ್ ಪ್ರದೇಶಕ್ಕೇ ಈ ಕ್ಯಾನರಿ ವಾರ್ಫ್ ಸೇರಿದೆಯಲ್ಲವೇ?

ಇಲ್ಲೂ ಒಂದು ಎಚ್ಚರಿಕೆ ಅಗತ್ಯ. ಭಾರತದ ಮುದುಕಿಯೆಂದರೆ ಹೀಗೆಯೇ ಅಳುವಳು ಎಂದು ಒಂದೇ ಅಚ್ಚು ಹಾಕಿದರೆ ಹಳೆಯ ತಪ್ಪಿನ ಸ್ಥಾನದಲ್ಲಿ ಹೊಸ ತಪ್ಪು ಕೂರುತ್ತದೆ. ಧಾರವಾಡದ ನಿವೃತ್ತ ಮುಖ್ಯೋಪಾಧ್ಯಾಯಿನಿಯೂ ಕೊಡಗಿನ ನಿವೃತ್ತ ಸೇನಾಧಿಕಾರಿಯೂ ಒಂದೇ ರೀತಿ ಹೆದರುವುದಿಲ್ಲ. ಹೊರಚರ್ಯೆಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ, ಈ ವ್ಯಕ್ತಿಗೆ ಏನು ಪ್ರಿಯ, ಏನು ಕಳೆದುಹೋಗುವ ಭೀತಿ ಎಂದು ಕೇಳಿ ತಿಳಿಯುವ ಅಭ್ಯಾಸ ಮಾಡಿಸುವುದೇ ಉತ್ತಮ. ಭಾವಕ್ಕೆ ಕಾರಣವಿರಬೇಕೆಂಬ ಸಿದ್ಧಾಂತ ನಮ್ಮನ್ನು ಕೊನೆಗೆ ಮುಟ್ಟಿಸುವುದು ಇಲ್ಲಿಗೇ.

ನಾವು ಮಾಡಬಹುದಾದದ್ದು

2017ರ ಜೂನ್ 14ರಂದು ಪಶ್ಚಿಮ ಲಂಡನ್ನಿನ ಗ್ರೆನ್‌ಫೆಲ್ ಗೋಪುರದ ಬೆಂಕಿಯಲ್ಲಿ 72 ಜನ ಅಸುನೀಗಿದರು. 2019ರಲ್ಲಿ ಬಂದ ವಿಚಾರಣಾ ಆಯೋಗದ ಮೊದಲ ವರದಿ, ಒಳಗೆ ಸಿಲುಕಿ ದೂರವಾಣಿ ಮಾಡಿದವರನ್ನು ನಿಭಾಯಿಸಲು ನಿಯಂತ್ರಣ ಕೊಠಡಿಯವರಿಗೆ ದೊರೆತಿದ್ದ ತರಬೇತಿಯ ಕೊರತೆಯನ್ನು ಎತ್ತಿಹೇಳಿತು. ಬೆಂಕಿಯ ಸಂದರ್ಭದ ಸೂಚನೆಗಳು ನಿವಾಸಿಗಳಿಗೆ ಅರ್ಥವಾಗುವ ರೂಪದಲ್ಲಿ ಇರಬೇಕೆಂದೂ ಶಿಫಾರಸು ಮಾಡಿತು. ಆದ್ದರಿಂದ ನನ್ನ ವಿನಂತಿಗಳು ಮೂರು.

ಮೊದಲನೆಯದಾಗಿ, ಕಚೇರಿಗಳಲ್ಲಿ ಅಗ್ನಿಸುರಕ್ಷೆಯ ಹೊಣೆ ಹೊತ್ತವರು, ಅಭ್ಯಾಸದ ದೃಶ್ಯವನ್ನು ರಚಿಸುವಾಗ, ಇದರಲ್ಲಿ ಇಂಗ್ಲಿಷ್ ಬಾರದವರು ಯಾರಿದ್ದಾರೆ ಎಂಬ ಪ್ರಶ್ನೆಯನ್ನು ತಪ್ಪದೆ ಎತ್ತಬೇಕು. ಎರಡನೆಯದಾಗಿ, ಸ್ವಯಂಸೇವಕರು ಬೇಕೆಂಬ ಕರೆ ಬಂದಾಗ ನಮ್ಮ ಹಿರಿಯರೂ ಹೋಗಿ ಪಾಲ್ಗೊಳ್ಳಬೇಕು. ಗಣಕಪಾತ್ರಗಳನ್ನು ರಚಿಸುವವರಿಗೆ ಮಾದರಿ ಸಿಗುವುದು ನಿಜವಾದ ಮನುಷ್ಯರಿಂದಲೇ. ಮೂರನೆಯದಾಗಿ, ಇಂದು ಮನೆಗೆ ಹೋದ ಮೇಲೆ, ಕಟ್ಟಡದ ಕೆಳಗೆ ಅಂಟಿಸಿರುವ ಬೆಂಕಿಯ ಸೂಚನೆಯನ್ನು ತಂದೆತಾಯಿಗಳಿಗೆ ಕನ್ನಡದಲ್ಲಿ ಓದಿ ಹೇಳಿ. ಮೆಟ್ಟಿಲನ್ನು ಒಮ್ಮೆ ಇಳಿಸಿ ತೋರಿಸಿ. ಮೊಮ್ಮಕ್ಕಳ ಶಾಲೆ ಎಲ್ಲಿದೆ, ಆಪತ್ತಿನಲ್ಲಿ ಅವರನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನೂ ತಿಳಿಸಿ. 999ಕ್ಕೆ ಕರೆ ಮಾಡಿದಾಗ ದೂರವಾಣಿಯಲ್ಲೇ ದುಭಾಷಿಯನ್ನು ಕರೆಸುವ ವ್ಯವಸ್ಥೆಯಿದೆ. ಆದರೆ ಯಾವ ಭಾಷೆಯೆಂದು ಹೇಳಲು ಬರಬೇಕು. ‘ಕನ್ನಡ’ ಎಂದಷ್ಟೇ ಅಂದರೆ ಆಚೆಯವರಿಗೆ ಕೆನಡಾ ಎಂದು ಕೇಳಿಸೀತು. ‘ಕನ್ನಡ, ಇಂಡಿಯಾ’ ಎಂಬ ಎರಡು ಪದಗಳನ್ನು ಅವರಿಗೆ ಕಲಿಸಿಡಿ.

ಯಂತ್ರಕ್ಕೆ ಭಾವವನ್ನು ಕಲಿಸಲು ಹೊರಟವರು, ಮನುಷ್ಯರ ಭಾವವನ್ನು ನಾವು ಎಷ್ಟು ಅವಸರದಲ್ಲಿ ಓದುತ್ತೇವೆಂಬುದನ್ನು ಕಂಡುಕೊಂಡಿದ್ದಾರೆ. ಆಪತ್ತಿನಲ್ಲಿ ಸಿಲುಕಿದ ವ್ಯಕ್ತಿ ಮೂರನೆಯ ಬಾರಿಯೂ ಅದೇ ಪ್ರಶ್ನೆ ಕೇಳಿದರೆ, ಆ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲವೆಂದೇ ತಿಳಿಯತಕ್ಕದ್ದು. ಇಷ್ಟನ್ನು ಅಧಿಕಾರಿಗಳಿಗೆ ಮನಗಾಣಿಸಿದರೂ ಗಣಕಪಾತ್ರಗಳ ಶ್ರಮ ಸಾರ್ಥಕ.